ಪ್ರವಾಸಿಗಳ ಹಣವೂ ರೈತನ ಹೊಲವೂ: ಭೂತಾನ ದೇಶದ ಏರ್ಪಾಡು

(ವ್ಯವಸಾಯ ಇನ್‌ಸ್ಪೆಕ್ಟರೊಬ್ಬರಿಂದ, ಎಲ್. ಎಜಿ.)

ಊರು ನೋಡಲು ಬರುವ ಪರಸ್ಥಳದವರಿಂದ ಗ್ರಾಮಗಳಿಗೆ ಲಾಭವುಂಟೋ ನಷ್ಟವುಂಟೋ ಎಂಬ ಪ್ರಶ್ನೆಯು ಈಚೆಗೆ ನಮ್ಮ ರೈತರಲ್ಲಿ ಪದೇ ಪದೇ ಕೇಳಿಬರುತ್ತಿದೆ. ಮಲೆನಾಡಿನ ಕಾಫಿತೋಟಗಳ ನಡುವೆಯೂ ಹೊಳೆಯಂಚಿನ ಹಳ್ಳಿಗಳಲ್ಲಿಯೂ ಅತಿಥಿಗಳಿಗಾಗಿ ಮನೆಗಳು ಏಳುತ್ತಿವೆ. ಒಳ್ಳೆಯ ಗದ್ದೆಗಳು ಕೆಲವೆಡೆ ವಾಹನ ನಿಲ್ಲಿಸುವ ಬಯಲುಗಳಾಗಿವೆ. ಬಂದವರು ಕೊಟ್ಟುಹೋದ ಹಣವು ಯಾರ ಕೈಸೇರಿತು, ಬಿಟ್ಟುಹೋದ ಕಸವು ಯಾರ ಹೊಲದಲ್ಲಿ ಉಳಿಯಿತು ಎಂಬುದನ್ನು ಲೆಕ್ಕಹಾಕಿ ನೋಡಿದವರು ವಿರಳ. ಈ ಲೆಕ್ಕವನ್ನು ಇಡೀ ದೇಶಕ್ಕೆ ಅನ್ವಯಿಸಿ ಐವತ್ತು ವರ್ಷಗಳಿಂದ ಹಾಕಿಕೊಂಡು ಬಂದಿರುವ ರಾಜ್ಯವೊಂದು ಭಾರತದ ನೆರೆಯಲ್ಲಿಯೇ ಇರುತ್ತದೆ. ಅದು ಹಿಮಾಲಯದ ಭೂತಾನ ದೇಶ. ಅಲ್ಲಿಯ ಸರ್ಕಾರದವರ ಏರ್ಪಾಡನ್ನೂ, ಅದರಿಂದ ಅಲ್ಲಿಯ ವ್ಯವಸಾಯಗಾರನಿಗೆ ಒದಗಿದ ಲಾಭನಷ್ಟಗಳನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ದೇಶದ ಸ್ಥಿತಿ

ಭೂತಾನವು ಕರ್ನಾಟಕದ ಐದನೆಯ ಒಂದು ಪಾಲಿನಷ್ಟು ವಿಸ್ತಾರವುಳ್ಳ ಚಿಕ್ಕ ರಾಜ್ಯ. ೨೦೧೭ನೆಯ ಇಸವಿಯ ಜನಗಣತಿಯಂತೆ ಅಲ್ಲಿಯ ಜನಸಂಖ್ಯೆಯು ಸುಮಾರು ಏಳೂಕಾಲು ಲಕ್ಷ. ದಕ್ಷಿಣದಲ್ಲಿ ಅಸ್ಸಾಂ ಬಂಗಾಳಗಳ ಬಯಲಿಗೆ ತಾಗಿದ ಬಿಸಿಸೀಮೆ, ಉತ್ತರದಲ್ಲಿ ಹಿಮದ ಶಿಖರಗಳು, ನಡುವೆ ನದಿಗಳು ಕೊರೆದ ಕಣಿವೆಗಳು. ತಗ್ಗಿನ ಕಣಿವೆಗಳಲ್ಲಿ ಭತ್ತವೂ, ಅದಕ್ಕೆ ಮೇಲೆ ಮುಸುಕಿನ ಜೋಳವೂ, ಇನ್ನೂ ಎತ್ತರದಲ್ಲಿ ಬಾರ್ಲಿ, ಆಲೂಗಡ್ಡೆಗಳೂ ಬೆಳೆಯುತ್ತವೆ. ಆದರೆ ಸಾಗುವಳಿಯಾಗುವ ಭೂಮಿಯು ದೇಶದ ಒಟ್ಟು ನೆಲದಲ್ಲಿ ನೂರಕ್ಕೆ ಸುಮಾರು ಮೂರು ಪಾಲು ಮಾತ್ರ. ನೂರಕ್ಕೆ ಸುಮಾರು ಎಪ್ಪತ್ತು ಪಾಲು ಕಾಡು. ೨೦೦೮ರಲ್ಲಿ ಜಾರಿಗೆ ಬಂದ ಅಲ್ಲಿಯ ರಾಜ್ಯಾಂಗವಿಧಿಯಲ್ಲಿ, ಅರಣ್ಯವು ಎಂದೆಂದಿಗೂ ನೂರಕ್ಕೆ ಅರವತ್ತು ಪಾಲಿಗಿಂತ ಕಡಮೆಯಾಗಕೂಡದೆಂದು ಸ್ಪಷ್ಟವಾಗಿ ಬರೆದಿದೆ. ಅತಿಥಿಗಳನ್ನು ಬರಮಾಡಿಕೊಳ್ಳುವ ಅಲ್ಲಿಯ ನೀತಿಯು ಈ ಒಂದು ನಿಯಮದೊಡನೆ ಹೆಣೆದುಕೊಂಡಿರುವುದನ್ನು ಗಮನಿಸಬೇಕು. ನೋಡಲು ಬರುವವರು ನೋಡುವುದು ಕಾಡನ್ನೂ, ಕಣಿವೆಯನ್ನೂ, ಅವುಗಳ ನಡುವಣ ಹಳ್ಳಿಯನ್ನೂ. ಅವು ಕೆಟ್ಟರೆ ಬರುವವರೂ ಇಲ್ಲ.

ಸುಂಕದ ಕ್ರಮ

ಭೂತಾನಕ್ಕೆ ಭಾರತದ ಕಡೆಯಿಂದ ಮೋಟಾರು ರಸ್ತೆಗಳಾದುದು ೧೯೬೦ರ ದಶಕದಲ್ಲಿ. ೧೯೭೪ರಲ್ಲಿ ನಾಲ್ಕನೆಯ ದೊರೆಯಾದ ಜಿಗ್ಮೆ ಸಿಂಗೆ ವಾಂಗ್‌ಚುಕ್ ಅವರ ಪಟ್ಟಾಭಿಷೇಕವು ಜರುಗಿತು. ಆ ಸಮಾರಂಭದ ಅತಿಥಿಗಳಿಗಾಗಿ ಕಟ್ಟಿಸಿದ ವಸತಿಗೃಹಗಳನ್ನು ಬರಿದಾಗಿ ಬಿಡದೆ, ಅದೇ ವರ್ಷ ವಿದೇಶಿ ಪ್ರವಾಸಿಗಳಿಗೆ ದೇಶದ ಬಾಗಿಲನ್ನು ತೆರೆಯಲಾಯಿತು. ಆ ವರ್ಷ ಬಂದವರು ೨೮೭ ಮಂದಿ. ಬಂದವರ ಸಂಖ್ಯೆ ಕಡಮೆಯಿರಲಿ, ಒಬ್ಬೊಬ್ಬರಿಂದ ಬರುವ ಆದಾಯವು ಹೆಚ್ಚಾಗಿರಲಿ ಎಂಬುದೇ ಮೊದಲಿನಿಂದ ಸರ್ಕಾರದ ಸೂತ್ರ. ಅದಕ್ಕಾಗಿ ದಿನವೊಂದಕ್ಕೆ ಇಂತಿಷ್ಟು ಖರ್ಚುಮಾಡಲೇಬೇಕೆಂದು ಕನಿಷ್ಠ ದರವನ್ನು ಗೊತ್ತುಮಾಡಿದರು. ಕಾಲಕ್ರಮದಲ್ಲಿ ಇದು ಏರಿ, ೨೦೧೨ರಿಂದ ಜನ ಹೆಚ್ಚು ಬರುವ ತಿಂಗಳುಗಳಲ್ಲಿ ದಿನಕ್ಕೆ ೨೫೦ ಡಾಲರೂ ಉಳಿದ ತಿಂಗಳುಗಳಲ್ಲಿ ೨೦೦ ಡಾಲರೂ ಆಯಿತು. ಊಟ, ವಸತಿ, ದಾರಿ ತೋರಿಸುವವನ ಸಂಬಳ, ದೇಶದೊಳಗಿನ ವಾಹನ ಇವೆಲ್ಲವೂ ಅದರಲ್ಲಿಯೇ ಸೇರಿದ್ದುವು. ಅದರಲ್ಲಿ ೬೫ ಡಾಲರು ನೇರವಾಗಿ ಸರ್ಕಾರದ ಬೊಕ್ಕಸಕ್ಕೆ ಸಂದು, ಉಚಿತ ವಿದ್ಯಾಭ್ಯಾಸ, ಉಚಿತ ವೈದ್ಯ ಮುಂತಾದ ಕಾರ್ಯಗಳಿಗೆ ವಿನಿಯೋಗವಾಗುತ್ತಿತ್ತು.

ಹಣ ಕೊಟ್ಟವರಿಗೆಲ್ಲ ಎಲ್ಲವೂ ತೆರೆದಿತ್ತೆಂದು ಭಾವಿಸಬಾರದು. ಪರ್ವತಾರೋಹಣದಿಂದ ನೆರೆಯ ದೇಶಗಳಿಗೆ ಹೇರಳವಾಗಿ ಹಣ ಬರುತ್ತಿದ್ದಾಗಲೂ, ಶಿಖರಗಳು ದೇವತೆಗಳ ನೆಲೆಯೆಂಬ ಗ್ರಾಮಸ್ಥರ ನಂಬಿಕೆಯನ್ನು ಮನ್ನಿಸಿ, ೨೦೦೩ರಲ್ಲಿ ಶಿಖರಗಳನ್ನು ಹತ್ತುವುದನ್ನೇ ಪೂರ್ತಿಯಾಗಿ ನಿಷೇಧಿಸಿದರು. ಆದುದರಿಂದ ೭,೫೭೦ ಮೀಟರ್ ಎತ್ತರದ ಗಂಗ್‌ಖರ್ ಪುಯೆನ್‌ಸಮ್ ಶಿಖರವನ್ನು ಈವರೆಗೆ ಯಾರೂ ಹತ್ತಿರುವುದಿಲ್ಲ.

ಆದರೆ ಈ ಕಟ್ಟುನಿಟ್ಟು ಭಾರತದವರಿಗೆ ಅನ್ವಯಿಸುತ್ತಿರಲಿಲ್ಲ. ೨೦೧೯ರಲ್ಲಿ ಬಂದ ಸುಮಾರು ೩ ಲಕ್ಷ ೧೫ ಸಾವಿರ ಪ್ರವಾಸಿಗಳಲ್ಲಿ ಹತ್ತಕ್ಕೆ ಏಳು ಪಾಲಿಗೂ ಮೇಲ್ಪಟ್ಟು ಭಾರತದವರೇ ಆಗಿದ್ದರು. ಅವರು ಸುಂಕವಿಲ್ಲದೆ ಬಂದು ಪಾರೋ, ಥಿಂಫು, ಪುನಾಖಾ ಕಣಿವೆಗಳಲ್ಲಿ ಕಿಕ್ಕಿರಿದರು. ಆದಕಾರಣ ೨೦೨೦ರ ಕಾನೂನಿನಿಂದ ಭಾರತದವರಿಗೂ ರಾತ್ರಿಯೊಂದಕ್ಕೆ ೧,೨೦೦ ನ್ಗುಲ್ಟ್ರಮ್, ಎಂದರೆ ಅಷ್ಟೇ ರೂಪಾಯಿಗಳ, ಶುಲ್ಕವನ್ನು ಗೊತ್ತುಮಾಡಿದರು. ಆ ವರ್ಷದ ಮಾರ್ಚಿಯಲ್ಲಿಯೇ ಸಾಂಕ್ರಾಮಿಕ ರೋಗದ ನಿಮಿತ್ತ ಗಡಿ ಮುಚ್ಚಿತು. ೨೦೨೨ರ ಸೆಪ್ಟೆಂಬರ್ ೨೩ರಂದು ಮರಳಿ ತೆರೆದಾಗ, ಹೊಸ ಕಾನೂನಿನಂತೆ ಕನಿಷ್ಠ ದರದ ಪದ್ಧತಿಯನ್ನು ತೆಗೆದುಹಾಕಿ, ಇತರ ವಿದೇಶೀಯರಿಗೆ ಸುಸ್ಥಿರಾಭಿವೃದ್ಧಿಯ ಶುಲ್ಕವನ್ನು ರಾತ್ರಿಗೆ ೬೫ರಿಂದ ೨೦೦ ಡಾಲರಿಗೆ ಏರಿಸಿದ್ದರು.

ಈ ಏರಿಕೆಯು ಅಳತೆಮೀರಿತು. ವಸತಿಗೃಹಗಳು ಬರಿದಾದುವು, ಮಾರ್ಗದರ್ಶಕರು ಬೇರೆ ಉದ್ಯೋಗವನ್ನು ಹುಡುಕಿದರು. ೨೦೨೩ರಲ್ಲಿ ಬಂದವರು ಒಂದು ಲಕ್ಷವನ್ನು ತುಸು ಮೀರಿದರು, ಎಂದರೆ ೨೦೧೯ರ ಮೂರನೆಯ ಒಂದು ಪಾಲು. ಸರ್ಕಾರದವರು ಹಟ ಹಿಡಿಯದೆ, ಆ ವರ್ಷದ ಸೆಪ್ಟೆಂಬರಿನಿಂದ ೨೦೨೭ರ ಆಗಸ್ಟ್ ೩೧ರ ವರೆಗೆ ಎಂದು ಅವಧಿ ಹಾಕಿ ಶುಲ್ಕವನ್ನು ೧೦೦ ಡಾಲರಿಗೆ ಇಳಿಸಿದರು. ನೀರಾವರಿಯಲ್ಲಿ ತೂಬನ್ನು ಪೂರಾ ತೆರೆಯುವುದೂ ಪೂರಾ ಮುಚ್ಚುವುದೂ ಎರಡೂ ಬೆಳೆಗೆ ಕೇಡೆಂಬುದನ್ನು ನಮ್ಮ ರೈತರಿಗೆ ಹೇಳಿಕೊಡಬೇಕಾದುದಿಲ್ಲ.

ಒಂದು ಕಣಿವೆಯ ದೃಷ್ಟಾಂತ

ಈ ನೀತಿಯು ಹೊಲಗದ್ದೆಗಳ ಮಟ್ಟದಲ್ಲಿ ಹೇಗೆ ನಡೆಯುತ್ತದೆಂಬುದನ್ನು ತಿಳಿಯಲು ಫೋಬ್ಜಿಖಾ ಕಣಿವೆಯನ್ನು ನೋಡತಕ್ಕದ್ದು. ಇದು ಸಮುದ್ರಮಟ್ಟಕ್ಕೆ ಸುಮಾರು ೯,೫೦೦ ಅಡಿ ಎತ್ತರದಲ್ಲಿದೆ. ಕಣಿವೆಯ ತಳವು ಅಗಲವಾದ ಜೌಗುನೆಲ. ಸುತ್ತಣ ಇಳಿಜಾರುಗಳು ಆಲೂಗಡ್ಡೆಯ ಹೊಲಗಳು. ಇಲ್ಲಿಯ ಗಡ್ಡೆಯು ಗಡಿಯ ಊರಾದ ಫುಂಟ್‌ಶೋಲಿಂಗಿನ ಹರಾಜುಕಟ್ಟೆಗೆ ಹೋಗಿ ಭಾರತದ ವರ್ತಕರ ಪಾಲಾಗುತ್ತದೆ. ಹೊಲದ ಕೆಲಸವು ಮುಗಿಯುವ ವೇಳೆಗೆ, ಅಕ್ಟೋಬರ್ ಕೊನೆಯಲ್ಲಿ, ಟಿಬೆಟ್ಟಿನ ಪ್ರಸ್ಥಭೂಮಿಯಿಂದ ಕರಿಗೊರಳಿನ ಕ್ರೌಂಚಪಕ್ಷಿಗಳು ನೂರಾರು ಸಂಖ್ಯೆಯಲ್ಲಿ ಈ ಜೌಗಿಗೆ ಇಳಿಯುತ್ತವೆ. ಚಳಿಗಾಲವನ್ನು ಕಳೆದು ಹಿಂದಿರುಗುತ್ತವೆ. ಜೌಗಿನ ಗಿಡ್ಡ ಬಿದಿರನ್ನು ದನಗಳು ಮೇದು ತಗ್ಗಿಸುವುದರಿಂದ ಹಕ್ಕಿಗಳಿಗೆ ಮೇವನ್ನು ಹುಡುಕಲು ಸುಲಭವಾಗುತ್ತದೆ. ಹೀಗೆ ದನವೂ ಹಕ್ಕಿಯೂ ಒಂದೇ ನೆಲದಲ್ಲಿ ಬಾಳುತ್ತವೆ.

ವ್ಯವಸಾಯಗಾರನ ಕಣ್ಣಿಗೆ ಇಂತಹ ಜೌಗು ಬಸಿಗಾಲುವೆ ತೆಗೆದರೆ ಮೊದಲ ದರ್ಜೆಯ ಹೊಲವಾಗತಕ್ಕ ನೆಲವಾಗಿ ತೋರುವುದು ಸಹಜ. ಅದನ್ನು ಹಾಗೆಯೇ ಬಿಟ್ಟುಕೊಂಡಿರುವುದು ರೈತನು ಮಾಡುವ ತ್ಯಾಗ. ಇದಕ್ಕೆ ಪ್ರತಿಯಾಗಿ ಅವನಿಗೆ ದೊರೆತುದೇನು? ೧೯೮೭ರಲ್ಲಿ ಸ್ಥಾಪಿತವಾದ ಪ್ರಕೃತಿ ಸಂರಕ್ಷಣೆಯ ರಾಯಲ್ ಸೊಸೈಟಿಯವರು ೧೯೯೮ರಿಂದ ಪ್ರತಿ ನವಂಬರಿನಲ್ಲಿ ಅಲ್ಲಿಯ ಗಂಗ್ಟೆ ವಿಹಾರದ ಅಂಗಳದಲ್ಲಿ ಕ್ರೌಂಚೋತ್ಸವವನ್ನು ನಡೆಯಿಸುತ್ತ ಬಂದರು. ಹಕ್ಕಿಗಳ ಹಾರಾಟಕ್ಕೆ ತೊಡಕಾಗದಂತೆ ವಿದ್ಯುತ್ತಿನ ತಂತಿಯನ್ನು ಕಂಬಗಳ ಮೇಲೆ ಎಳೆಯದೆ ನೆಲದೊಳಗೆ ಹೂಳಿ ಮನೆಗಳಿಗೆ ದೀಪ ಕೊಟ್ಟರು. ರೈತರ ಮನೆಗಳಲ್ಲಿಯೇ ಅತಿಥಿಗಳು ತಂಗುವ ಏರ್ಪಾಡಾಯಿತು. ೨೦೧೬ರಲ್ಲಿ ಈ ಜೌಗು ಅಂತರರಾಷ್ಟ್ರೀಯ ಮಹತ್ವದ ರಾಮ್‌ಸಾರ್ ಪಟ್ಟಿಗೆ ಸೇರಿತು. ಅತಿಥಿಯು ಉಣ್ಣುವುದು ಮನೆಯ ಆಲೂಗಡ್ಡೆ, ಮನೆಯ ಬೆಣ್ಣೆ. ಕಾಯಿಸಿದ ಹೊಳೆಗಲ್ಲುಗಳನ್ನು ಮರದ ತೊಟ್ಟಿಯ ನೀರಿಗೆ ಹಾಕಿ ಮಾಡುವ ಬಿಸಿನೀರಿನ ಸ್ನಾನಕ್ಕೂ ಅವನು ಹಣ ಕೊಡುತ್ತಾನೆ. ಆಲೂಗಡ್ಡೆಯ ಧಾರಣೆ ಬಿದ್ದ ವರ್ಷದಲ್ಲಿ ಇದು ಆಸರೆ.

ರೈತನ ಹೊರೆ

ಇಷ್ಟನ್ನು ಹೇಳಿ ನಿಲ್ಲಿಸಿದರೆ ಅರ್ಧವನ್ನು ಮಾತ್ರ ಹೇಳಿದಂತಾಗುವುದು. ಕಾಡು ಬೆಳೆದಲ್ಲಿ ಕಾಡುಪ್ರಾಣಿಯೂ ಬೆಳೆಯುತ್ತದೆ. ಕಾಡುಹಂದಿ, ಜಿಂಕೆ, ಕೋತಿಗಳು, ದಕ್ಷಿಣದಲ್ಲಿ ಆನೆಗಳು ಫಸಲಿಗೆ ನುಗ್ಗುವುದರಿಂದ ರೈತರು ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಕಾವಲಿರಬೇಕಾಗಿದೆ. ವ್ಯವಸಾಯ ಇಲಾಖೆಯವರು ವಿದ್ಯುತ್ತಿನ ಬೇಲಿಯನ್ನು ಹಾಕಿಸಲು ಸಹಾಯ ಮಾಡುತ್ತಿದ್ದಾರೆ. ಅದು ಎಲ್ಲರ ಹೊಲಕ್ಕೂ ಮುಟ್ಟಿಲ್ಲ. ನಿದ್ದೆಗೆಟ್ಟು ಬೇಸತ್ತ ಯುವಕರು ಥಿಂಫುವಿಗೂ ಪರದೇಶಗಳಿಗೂ ಹೋಗುತ್ತಿದ್ದಾರೆ. ಹೀಗೆ ಜನರಿಲ್ಲದೆ ಮುಚ್ಚಿದ ಮನೆಗೆ ಅಲ್ಲಿಯ ಭಾಷೆಯಲ್ಲಿ ‘ಗುಂಗ್‌ಟಾಂಗ್’ ಎಂದು ಹೆಸರೇ ಬಿದ್ದಿದೆ. ಪೂರ್ವದ ಜಿಲ್ಲೆಗಳಲ್ಲಿ ಇಂತಹ ಮನೆಗಳೂ ಅವುಗಳ ಸುತ್ತ ಬೀಳುಬಿದ್ದ ಹೊಲಗಳೂ ಹೆಚ್ಚು. ಅಕ್ಕಿಯ ದೊಡ್ಡ ಪಾಲನ್ನು ಭಾರತದಿಂದ ತರಿಸಬೇಕಾಗಿದೆ.

ಇಲ್ಲಿಯೇ ಈ ನೀತಿಯ ನಿಜವಾದ ಪರೀಕ್ಷೆ. ಶುಲ್ಕದ ಹಣದಿಂದ ಹಳ್ಳಿಯ ಹುಡುಗನಿಗೆ ಶಾಲೆಯೂ ಔಷಧವೂ ದೊರೆಯುವುದು ನಿಜ. ಆದರೆ ಹಂದಿ ತಿಂದ ಜೋಳಕ್ಕೆ ಶಾಲೆಯು ಬದಲಾಗುವುದಿಲ್ಲ. ಪ್ರವಾಸಿಯು ಮೂರು ಕಣಿವೆಗಳನ್ನು ನೋಡಿ ಹೊರಟುಹೋದರೆ, ಕಾಡನ್ನು ಕಾಯ್ದ ದೂರದ ರೈತನ ಪಾಲಿಗೆ ಹಂದಿಯೊಂದೇ ಉಳಿಯುವುದು.

ಇದನ್ನು ಅಲ್ಲಿಯ ಸರ್ಕಾರದವರು ಅರಿಯದೆ ಇಲ್ಲ. ೨೦೨೨ರಲ್ಲಿ, ಪಶ್ಚಿಮದ ಹಾ ಎಂಬಲ್ಲಿಂದ ಪೂರ್ವದ ಟ್ರಾಶಿಗಾಂಗಿನ ವರೆಗೆ ೪೦೩ ಕಿಲೋಮೀಟರ್ ಉದ್ದದ ಪುರಾತನ ಕಾಲುದಾರಿಯನ್ನು ಸರಿಪಡಿಸಿ ಮರಳಿ ತೆರೆದರು. ನಡೆದು ಹೋಗುವವನು ನಡುವಣ ಹಳ್ಳಿಗಳಲ್ಲಿ ಉಂಡು ತಂಗಬೇಕಾಗುವುದರಿಂದ ಹಣವು ಹಲವು ಮನೆಗಳಿಗೆ ಹಂಚಿಹೋಗುತ್ತದೆ. ಗೆನೆಖಾ, ಉರಾ ಮೊದಲಾದ ಗ್ರಾಮಗಳಲ್ಲಿ ಮಳೆಗಾಲದಲ್ಲಿ ಕಾಡಿನಿಂದ ಆಯ್ದು ತರುವ ಮಟ್ಸುಟಾಕೆ ಅಣಬೆಯ ಹೆಸರಿನಲ್ಲಿಯೇ ಉತ್ಸವಗಳು ನಡೆಯುತ್ತವೆ. ಕಾಡು ಉಳಿದರೆ ಮಾತ್ರ ಅಣಬೆಯುಂಟು. ತರಕಾರಿಯ ವಿಷಯದಲ್ಲಿಯೂ ಎಚ್ಚರವಿದೆ. ೨೦೧೬ರಲ್ಲಿ, ಕೀಟನಾಶಕದ ಅಂಶವು ಕಂಡುಬಂದುದರಿಂದ, ಭಾರತದಿಂದ ಹೋಗುತ್ತಿದ್ದ ಹಸಿಮೆಣಸಿನಕಾಯಿ, ಹೂಕೋಸು, ಹುರುಳಿಕಾಯಿಗಳ ಆಮದನ್ನು ತಡೆದರು. ಇದರಿಂದ ಅಲ್ಲಿಯ ಬೆಳೆಗಾರನಿಗೆ ಪೇಟೆಯಲ್ಲಿ ಅವಕಾಶವಾಯಿತು. ನಮ್ಮ ಬೆಳೆಗಾರರಿಗೂ ಇದೊಂದು ಪಾಠ.

ನಮ್ಮ ರೈತರಿಗೆ ಅನ್ವಯಿಸುವ ಅಂಶಗಳು

ಭೂತಾನದಂತೆ ದೇಶದ ಬಾಗಿಲಿನಲ್ಲಿ ಶುಲ್ಕವನ್ನು ಎತ್ತುವುದು ನಮ್ಮ ಒಂದು ತಾಲ್ಲೂಕಿನಿಂದಲೋ ಗ್ರಾಮದಿಂದಲೋ ಆಗತಕ್ಕ ಕೆಲಸವಲ್ಲ. ಆದರೆ ಹಕ್ಕಿಯೂ ರೈತನೂ ಕೂಡಿ ಬಾಳುವ ಪದ್ಧತಿಯು ನಮಗೆ ಹೊಸದಲ್ಲ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಣ ಹುಣಿಸೆಯ ಮರಗಳಲ್ಲಿ ಗೂಡುಕಟ್ಟುತ್ತವೆ. ಗ್ರಾಮಸ್ಥರು ಅವುಗಳನ್ನು ಓಡಿಸದೆ, ಹಿಕ್ಕೆಯನ್ನು ಗೊಬ್ಬರವಾಗಿ ಉಪಯೋಗಿಸುತ್ತ ಬಂದಿದ್ದಾರೆ. ಹುಣಿಸೆಯ ಫಸಲನ್ನು ಬಿಟ್ಟುಕೊಟ್ಟ ಮರದ ಒಡೆಯರಿಗೆ ಪರಿಹಾರ ಕೊಡುವ ಕ್ರಮವನ್ನು ಅರಣ್ಯ ಇಲಾಖೆಯವರು ಆರಂಭಿಸಿದರು. ೨೦೦೭ರಲ್ಲಿ ಈ ಗ್ರಾಮವು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಆದುದರಿಂದ ಪ್ರವಾಸಿಗಳು ಬರತೊಡಗಿರುವ ಗ್ರಾಮಗಳ ರೈತರು ಕೆಳಗಣ ಅಂಶಗಳನ್ನು ಆಲೋಚಿಸಬಹುದು.

(೧) ಅತಿಥಿಗೃಹವನ್ನು ಕಟ್ಟುವುದಕ್ಕೆ ಮೊದಲು ಕೆರೆಯಂಗಳ, ಗೋಮಾಳ, ಜೌಗು, ದೇವರಕಾಡು ಇವುಗಳ ಎಲ್ಲೆಯನ್ನು ಗ್ರಾಮಸಭೆಯಲ್ಲಿ ಗೊತ್ತುಮಾಡಿಕೊಳ್ಳತಕ್ಕದ್ದು. ಒಮ್ಮೆ ಕಟ್ಟಡವೆದ್ದ ಗದ್ದೆಯು ಮರಳಿ ಗದ್ದೆಯಾಗುವುದಿಲ್ಲ.

(೨) ನೀರು ಎಷ್ಟು ಜನಕ್ಕೆ ಸಾಲುತ್ತದೆಂಬುದನ್ನು ಮಳೆಗಾಲದಲ್ಲಿ ಅಲ್ಲ, ಏಪ್ರಿಲ್ ತಿಂಗಳ ಬಾವಿಯನ್ನು ನೋಡಿ ನಿರ್ಧರಿಸಬೇಕು. ಅದಕ್ಕೆ ಮೀರಿ ಅತಿಥಿಗಳನ್ನು ಕರೆಯಬಾರದು.

(೩) ಜನ ಬರುವ ತಿಂಗಳುಗಳನ್ನು ಮುಂಚಿತವಾಗಿ ತಿಳಿದು, ಆ ಕಾಲಕ್ಕೆ ಕೈಗೆ ಬರುವಂತೆ ಸೊಪ್ಪು, ತರಕಾರಿ, ಬಾಳೆಗಳನ್ನು ಸರದಿಯ ಮೇಲೆ ನೆಡಬೇಕು. ನಾಲ್ಕಾರು ಮನೆಗಳವರು ಕೂಡಿ ಒಂದು ವಸತಿಗೃಹಕ್ಕೆ ಒಪ್ಪಂದದಂತೆ ಒದಗಿಸಿದರೆ ಮಧ್ಯಸ್ಥರ ಪಾಲು ಉಳಿಯುವುದು. ಪಕ್ಕದ ಹೊಲದ ಬದನೆಕಾಯಿಯನ್ನು ಬಿಟ್ಟು ಪೇಟೆಯಿಂದ ಬದನೆಕಾಯಿ ತರಿಸುವ ವಸತಿಗೃಹದಿಂದ ಗ್ರಾಮಕ್ಕೆ ಬರುವ ಲಾಭವು ಅತ್ಯಲ್ಪ.

(೪) ಬಂದವರಿಂದ ದೊರೆಯುವ ಹಣದಲ್ಲಿ ಗೊತ್ತಾದ ಒಂದು ಪಾಲನ್ನು ಬೇಲಿ, ಕಾವಲು, ಕಸವಿಲೇವಾರಿಗಳಿಗೆಂದು ಸಂಘದಲ್ಲಿ ಕೂಡಿಡಬೇಕು. ಕಾಡಿನಂಚಿನಲ್ಲಿ ಫಸಲು ಕಳೆದುಕೊಂಡವನಿಗೆ ಆ ನಿಧಿಯಿಂದ ಮೊದಲು ಸಹಾಯ ಸಲ್ಲತಕ್ಕದ್ದು.

ಭೂತಾನದ ಶುಲ್ಕವು ಮುಂದೆ ನೂರು ಡಾಲರಿನಲ್ಲಿಯೇ ನಿಲ್ಲಲಿ, ಏರಲಿ ಇಳಿಯಲಿ, ಅದು ಅಲ್ಲಿಯ ಸರ್ಕಾರದವರ ಆಲೋಚನೆಗೆ ಸೇರಿದ್ದು. ಪೂರ್ವದ ಕಣಿವೆಗಳಲ್ಲಿ ಬೀಳುಬಿದ್ದ ಹೊಲಗಳಿಗೆ ಮತ್ತೆ ನೇಗಿಲು ಬಂದಿತೇ, ಮುಚ್ಚಿದ ಮನೆಗಳ ಒಲೆ ಮತ್ತೆ ಹೊತ್ತಿತೇ ಎಂಬುದರಿಂದಲೇ ಆ ಏರ್ಪಾಡು ಫಲಿಸಿತೋ ಇಲ್ಲವೋ ಎಂಬುದನ್ನು ಅಳೆಯಬೇಕು. ನಮ್ಮ ಗ್ರಾಮಗಳಲ್ಲಿಯೂ ಪ್ರವಾಸಿಗಳ ತಲೆಯೆಣಿಕೆಯನ್ನಷ್ಟೇ ಬರೆದಿಡದೆ, ಅವರು ಬಂದ ಮೇಲೆ ಸಾಗುವಳಿಯ ಎಕರೆಗಳು ಎಷ್ಟು ಉಳಿದುವೆಂಬುದನ್ನೂ ವರ್ಷವರ್ಷವೂ ಬರೆದಿಡುವುದು ಒಳ್ಳೆಯದು. ಈ ವಿಷಯದಲ್ಲಿ ತರಕಾರಿಯ ಸರದಿ, ಬಿತ್ತನೆಯ ಬೀಜ, ಬೇಲಿಗಳ ಸಂಬಂಧವಾಗಿ ಸಲಹೆ ಬೇಕಾದವರು ತಮ್ಮ ಸಮೀಪದ ಇಲಾಖೆಯ ಅಧಿಕಾರಿಗಳನ್ನು ಕಂಡು ವಿಚಾರಿಸಬಹುದು.