ಮುಂದಿನ ಪಿಡುಗಿನ ವೈರಸು ಯಾವುದು?

1918ರಲ್ಲಿ ಇನ್‌ಫ್ಲುಯೆಂಜ ಜ್ವರವು ಮುಂಬಯಿ ಬಂದರಿನಿಂದ ಒಳನಾಡಿಗೆ ವ್ಯಾಪಿಸಿತು. ವಿಜಾಪುರ ಜಿಲ್ಲೆಯನ್ನೂ ಒಳಗೊಂಡಿದ್ದ ಅಂದಿನ ಮುಂಬಯಿ ಪ್ರಾಂತದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರು ಮಡಿದರು. ಅಂಥ ಜಾಗತಿಕ ಪಿಡುಗನ್ನು ಮುಂದೆ ತರಬಲ್ಲ ವೈರಸು ಯಾವುದೆಂಬುದನ್ನು ಮೊದಲೇ ಅರಿಯಬಹುದೆ?

ಇನ್‌ಫ್ಲುಯೆಂಜ 'ಎ' ವೈರಸುಗಳ ತವರು ನೀರುಹಕ್ಕಿಗಳ ಒಡಲು. ಅಲ್ಲಿಂದ ಅವು ಕೋಳಿ, ಹಂದಿ ಮೊದಲಾದ ಪ್ರಾಣಿಗಳಿಗೆ ದಾಟುತ್ತವೆ. ವೈರಸಿನ ಹೊರಮೈಯಲ್ಲಿ 'ಎಚ್' ಮತ್ತು 'ಎನ್' ಎಂಬ ಎರಡು ಬಗೆಯ ಪ್ರೋಟೀನುಗಳುಂಟು. ಎಚ್ ಪ್ರೋಟೀನು ಜೀವಕೋಶಕ್ಕೆ ಅಂಟಿಕೊಂಡು ಒಳಹೊಗಲು ನೆರವಾಗುತ್ತದೆ. ಎನ್ ಪ್ರೋಟೀನು ಹೊಸದಾಗಿ ಹುಟ್ಟಿದ ವೈರಸುಗಳನ್ನು ಕೋಶದಿಂದ ಬಿಡಿಸುತ್ತದೆ. ಎಚ್5ಎನ್1 ಮುಂತಾದ ಹೆಸರುಗಳು ಬಂದುದು ಇವುಗಳಿಂದಲೇ.

2012ರ ಅಕ್ಟೋಬರಿನಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟದ ಕೇಂದ್ರೀಯ ಕುಕ್ಕುಟ ಅಭಿವೃದ್ಧಿ ಸಂಸ್ಥೆಯಲ್ಲಿ ಟರ್ಕಿಕೋಳಿಗಳು ಸಾಯತೊಡಗಿದವು. ಭೋಪಾಲದ ಪ್ರಯೋಗಶಾಲೆಯು ಎಚ್5ಎನ್1 ವೈರಸನ್ನು ಗುರುತಿಸಿತು. ಸಾವಿರಾರು ಹಕ್ಕಿಗಳನ್ನು ಕೊಂದು ರೋಗವನ್ನು ತಡೆಯಲಾಯಿತು. ಅದು ಜನರಲ್ಲಿ ಹರಡಲಿಲ್ಲ. ಏಕೆ? ಹಕ್ಕಿಯ ವೈರಸು ಅಂಟಿಕೊಳ್ಳುವ ಬಗೆಯ ಕೋಶಗಳು ನಮ್ಮಲ್ಲಿ ಹೆಚ್ಚಾಗಿ ಶ್ವಾಸಕೋಶದ ಆಳದಲ್ಲಿವೆ. ಮೂಗು ಗಂಟಲುಗಳಲ್ಲಿ ವಿರಳ. ಆದುದರಿಂದ ಸೀನು, ಕೆಮ್ಮುಗಳ ಮೂಲಕ ಅದು ಸುಲಭವಾಗಿ ಹರಡದು. ಆದರೆ ತಗಲಿದವರಿಗೆ ಅದು ಮಾರಕ: 2003ರಿಂದೀಚೆಗೆ ಜಗತ್ತಿನಲ್ಲಿ ಸೋಂಕು ದೃಢಪಟ್ಟ 900ಕ್ಕೂ ಹೆಚ್ಚು ಜನರಲ್ಲಿ ಸುಮಾರು ಅರ್ಧದಷ್ಟು ಮಂದಿ ಸತ್ತಿದ್ದಾರೆ.

ಆದುದರಿಂದ ಅಪಾಯವನ್ನು ಅಳೆಯುವಾಗ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಬೇಕು. ವೈರಸು ಮನುಷ್ಯರಿಂದ ಮನುಷ್ಯರಿಗೆ ಹರಡುವ ಶಕ್ತಿಯನ್ನು ಪಡೆಯುವ ಸಂಭವವೆಷ್ಟು? ಪಡೆದರೆ ಆಗುವ ಹಾನಿಯೆಷ್ಟು? ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಕ್ರಮದಲ್ಲಿ ತಜ್ಞರು ಹತ್ತು ಅಂಶಗಳಿಗೆ ಅಂಕ ಕೊಟ್ಟು ಉತ್ತರ ಹುಡುಕುತ್ತಾರೆ. ವೈರಸು ಯಾವ ಕೋಶಕ್ಕೆ ಅಂಟುತ್ತದೆ, ಮುಂಗುಸಿಯನ್ನು ಹೋಲುವ ಫೆರೆಟ್ ಪ್ರಾಣಿಗಳಲ್ಲಿ ಗಾಳಿಯ ಮೂಲಕ ಹರಡುತ್ತದೆಯೆ, ಜನರಲ್ಲಿ ಅದಕ್ಕೆ ಪ್ರತಿರೋಧವುಂಟೆ, ಔಷಧಿಗೆ ಬಗ್ಗುತ್ತದೆಯೆ ಎಂಬಿವು ಅವುಗಳಲ್ಲಿ ಕೆಲವು. ವಿಶ್ವ ಆರೋಗ್ಯ ಸಂಸ್ಥೆಗೂ ಇಂಥದೇ ಕ್ರಮವುಂಟು.

ಈ ಅಂಕಗಳು ಭವಿಷ್ಯವಾಣಿಯಲ್ಲ. ವೈರಸಿನ ಆನುವಂಶಿಕ ದ್ರವ್ಯವು ಎಂಟು ತುಣುಕುಗಳಲ್ಲಿರುವುದರಿಂದ, ಒಂದೇ ಹಂದಿಗೆ ಎರಡು ವೈರಸುಗಳು ತಗಲಿದರೆ ತುಣುಕುಗಳು ಬೆರೆತು ಹೊಸ ವೈರಸು ಹುಟ್ಟಬಹುದು. ತಜ್ಞರ ಕಣ್ಣು ಏಷ್ಯದ ಹಕ್ಕಿಗಳ ಮೇಲಿದ್ದಾಗ, 2009ರ ಪಿಡುಗು ಮೆಕ್ಸಿಕೋದ ಹಂದಿಗಳ ವೈರಸಿನಿಂದ ಉದ್ಭವಿಸಿತು. ಯಾವ ವೈರಸಿಗೆ ಮೊದಲು ಲಸಿಕೆಯ ಸಿದ್ಧತೆ ನಡೆಯಬೇಕೆಂಬ ನಿರ್ಣಯಕ್ಕೆ ನೆರವಾಗುವುದೇ ಅಂಕಗಳ ಪ್ರಯೋಜನ. ಆ ಲೆಕ್ಕಕ್ಕೆ ರೋಗಗ್ರಸ್ತ ಪ್ರಾಣಿಗಳಿಂದ ತೆಗೆದ ಮಾದರಿಗಳು ಬೇಕು. ಆದಕಾರಣ ಬಬಲೇಶ್ವರದಲ್ಲಾಗಲಿ ಬೇರೆಲ್ಲೇ ಆಗಲಿ ಕೋಳಿಗಳು ಒಮ್ಮೆಲೇ ಸತ್ತರೆ, ಅವನ್ನು ಬರಿಗೈಯಿಂದ ಮುಟ್ಟದೆ ಕೂಡಲೇ ಪಶುವೈದ್ಯರಿಗೆ ತಿಳಿಸತಕ್ಕದ್ದು. ಅಲ್ಲಿ ತಡವಾದರೆ ಮುಂದಿನ ಎಲ್ಲ ಲೆಕ್ಕವೂ ತಡವಾಗುತ್ತದೆ.