ರಾಡಾರುಗಳ ಜೀರ್ಣೋದ್ಧಾರ

ಜೋಳದ ಹೊಲದಲ್ಲಿ ಮಂಚಿಕೆ ಹಾಕಿ ಕಾವಲು ಕೂಡುವುದು ಕೂಡ್ಲಿಗಿ-ಹರಪನಹಳ್ಳಿ ಸೀಮೆಯ ರೈತನಿಗೆ ಯಾರೂ ಕಲಿಸಬೇಕಾದ ವಿದ್ಯೆಯಲ್ಲ. ಮಂಚಿಕೆ ಎತ್ತರವಾದಷ್ಟೂ ನೋಟವು ದೂರ ಹರಿಯುವುದು. ಆದರೆ ಕಾವಲುಗಾರನ ಕಣ್ಣಿಗೇ ಪೊರೆ ಬಂದಲ್ಲಿ ಎತ್ತರದಿಂದ ಪ್ರಯೋಜನವೇನು? ದೇಶದ ಆಕಾಶವನ್ನು ಕಾಯುವ ದೂರವ್ಯಾಪ್ತಿಯ ಹಳೆಯ ರಾಡಾರುಗಳ ವಿಷಯದಲ್ಲಿಯೂ ಇದೇ ಪ್ರಶ್ನೆ ಎದ್ದಿರುವುದು. ಇದು ಸೇನಾಧಿಕಾರಿಗಳಿಗೆ ಮಾತ್ರ ಸಂಬಂಧಿಸಿದ ಸಂಗತಿಯೆಂದು ವಾಚಕರು ಪುಟ ತಿರುವಲಾಗದು. ವ್ಯಯವಾಗುವ ಹಣ ಪ್ರಜೆಗಳದು. ಕಾಯಬೇಕಾದ ಆಕಾಶವೂ ಪ್ರಜೆಗಳ ತಲೆಯ ಮೇಲಿನದೇ.

ರೇಡಿಯೋ ತರಂಗವನ್ನು ಕಳುಹಿಸಿ, ಅದು ವಿಮಾನಕ್ಕೆ ತಾಗಿ ಮರಳುವ ಕಾಲವನ್ನಳೆದು ದೂರವನ್ನು ಹೇಳುವ ಯಂತ್ರವೇ ರಾಡಾರು. ೪೦೦ ಕಿಲೋಮೀಟರು ಹೋಗಿ ಮರಳಲು ತರಂಗಕ್ಕೆ ಸೆಕೆಂಡಿನ ಸಾವಿರದಲ್ಲಿ ಮೂರು ಪಾಲೂ ಬೇಡ. ಕೊಟ್ಟೂರಿನಲ್ಲಿ ೨೦ ಮೀಟರಿನ ಗೋಪುರದ ಮೇಲೆ ಇಂಥದೊಂದನ್ನು ನಿಲ್ಲಿಸಿದೆವೆಂದು ಉದಾಹರಣೆಗಾಗಿ ಭಾವಿಸೋಣ. ೧೦ ಕಿಲೋಮೀಟರು ಎತ್ತರದಲ್ಲಿ ಹಾರುವ ವಿಮಾನವು ಹೈದರಾಬಾದಿನ ಮೇಲಿದ್ದರೂ ಅದರ ದೃಷ್ಟಿರೇಖೆಗೆ ಬೀಳುವುದು. ಅದೇ ವಿಮಾನವು ೧೦೦ ಮೀಟರಿಗಿಳಿದರೆ ಭೂಮಿಯ ಗುಂಡಾಕಾರವೇ ಮರೆಯಾಗಿ, ಸುಮಾರು ೬೦ ಕಿಲೋಮೀಟರಿನಾಚೆ ಕಾಣದು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ, ಹಡಗಲಿಗಳನ್ನು ದಾಟಿ ಕೊಂಚ ಮುಂದೆ ಹೋಗುವಷ್ಟರಲ್ಲಿ ನೋಟವು ಮುಗಿಯಿತು. ದೃಷ್ಟಿರೇಖೆಯಲ್ಲಿದ್ದರೂ ಸಾಲದು, ಕಾಣುವ ದೂರವನ್ನು ಇಮ್ಮಡಿಸಬೇಕಾದರೆ, ಉಳಿದುದೆಲ್ಲ ಹಾಗೆಯೇ ಇದ್ದಲ್ಲಿ, ಶಕ್ತಿಯನ್ನು ೧೬ ಪಟ್ಟು ಹೆಚ್ಚಿಸತಕ್ಕದ್ದು.

ಆ ಮಹಾಶಕ್ತಿಯನ್ನು ಹಳೆಯ ರಾಡಾರುಗಳಲ್ಲಿ ದೊಡ್ಡದೊಂದು ವಾಲ್ವು ಒದಗಿಸುತ್ತಿದ್ದಿತು. ಅದು ಕೆಟ್ಟರೆ ಇಡೀ ಯಂತ್ರವೇ ಕುರುಡು. ಕಾಲ ಕಳೆದಂತೆ ಅಂಥ ಬಿಡಿಭಾಗಗಳನ್ನು ಮಾಡುವ ಕಾರ್ಖಾನೆಗಳು ಬೇರೆ ಕೆಲಸ ಹಿಡಿಯುವುವು. ಹೊಸ ಪದ್ಧತಿಯಲ್ಲಿಯಾದರೋ ಆಂಟೆನಾದ ಮೈತುಂಬ ಚಿಕ್ಕ ಚಿಕ್ಕ ಘಟಕಗಳಿದ್ದು, ಪ್ರತಿಯೊಂದೂ ತಾನೇ ತರಂಗವನ್ನು ಕಳುಹಿಸಿ ತಾನೇ ಸ್ವೀಕರಿಸುವುದು. ಹತ್ತು ಕೆಟ್ಟರೂ ಉಳಿದವು ಕೆಲಸವನ್ನು ನಡೆಸುವುವು. ದೊಡ್ಡ ವಿಮಾನಗಳನ್ನು ನೋಡಲು ಹುಟ್ಟಿದ ಹಳೆಯ ಕಣ್ಣಿಗೆ ಇಂದು ಚಿಕ್ಕ ಡ್ರೋನುಗಳನ್ನೂ ಗುರುತಿಸುವ ಹೊಣೆ ಬಿದ್ದಿರುವುದರಿಂದ ಈ ಮಾರ್ಪಾಟು ಶೋಕಿಯಲ್ಲ, ಜರೂರು.

ಇದಕ್ಕೆ ಮಾರ್ಗಗಳು ಎರಡು. ಅಲಾಸ್ಕಾ, ಕೆನಡಾಗಳ ಹಿಮಪ್ರದೇಶದಲ್ಲಿ ೧೯೮೦ರ ದಶಕದಲ್ಲಿ ನಿಂತ ರಾಡಾರುಗಳಲ್ಲಿ, ಮೂಲ ಯಂತ್ರವನ್ನು ಉಳಿಸಿಕೊಂಡು, ಸಂಕೇತಗಳನ್ನು ವಿಂಗಡಿಸುವ ಒಳಭಾಗಗಳನ್ನು ಮಾತ್ರ ೨೦೧೦ರ ದಶಕದಲ್ಲಿ ಬದಲಿಸಲಾಯಿತು. ನಮ್ಮ ಸರಕಾರವು ಎರಡನೆಯ ಮಾರ್ಗವನ್ನು ಹಿಡಿದಿದೆ. ವಾಯುಪಡೆಯ ದೂರವ್ಯಾಪ್ತಿಯ ರಾಡಾರುಗಳ ಸ್ಥಾನದಲ್ಲಿ ಹೊಸ ‘ಹೈ ಪವರ್’ ರಾಡಾರುಗಳನ್ನು ನಿಲ್ಲಿಸಲು ರಕ್ಷಣಾ ಸಚಿವಾಲಯವು ೨೦೨೪ರ ಮಾರ್ಚ್ ೧ರಂದು ಲಾರ್ಸನ್ ಅಂಡ್ ಟೂಬ್ರೋ ಕಂಪನಿಯೊಡನೆ ಸುಮಾರು ೫,೭೦೦ ಕೋಟಿ ರೂಪಾಯಿಗಳ ಕರಾರು ಮಾಡಿಕೊಂಡಿತು. ಇದಕ್ಕೂ ಒಂದು ವರ್ಷ ಮುಂಚೆ, ಮಧ್ಯಮವ್ಯಾಪ್ತಿಯ ‘ಅರುಧ್ರ’ ರಾಡಾರಿನ ಕರಾರು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸಿಗೆ ಸಂದಿತ್ತು. ಅದರ ವಿನ್ಯಾಸವೂ ಬೆಂಗಳೂರಿನ ಎಲ್‌ಆರ್‌ಡಿಇ ಸಂಶೋಧನಾಲಯದ್ದೇ. ೧೯೫೪ರಲ್ಲಿ ಫ್ರೆಂಚರ ನೆರವಿನಿಂದ ಜಾಲಹಳ್ಳಿಯಲ್ಲಿ ಕಣ್ತೆರೆದ ಸಂಸ್ಥೆಯು ಇಂದು ಕನ್ನಡನಾಡಿನಲ್ಲಿಯೇ ರಚಿತವಾದ ನಕ್ಷೆಯನ್ನು ಹಿಡಿದು ಕೆಲಸ ಮಾಡುವುದೆಂಬುದು ಅಭಿಮಾನದ ಸಂಗತಿ.

ಆದರೆ ಅಭಿಮಾನವೊಂದೇ ಸಾಲದು. ‘ಇಲ್ಲಿಯೇ ತಯಾರಾಯಿತು’ ಎಂಬ ಮುದ್ರೆಯೊಂದರಿಂದ ಯಂತ್ರವು ನಮ್ಮದಾಗಲಾರದು. ಅದರ ನಕ್ಷೆ, ಅದನ್ನು ನಡೆಸುವ ಗಣಕದ ಮೂಲಬರಹ, ಮೂವತ್ತು ವರ್ಷಗಳಿಗೆ ಬೇಕಾಗುವ ಬಿಡಿಭಾಗ ಇವೆಲ್ಲ ನಮ್ಮವರ ಕೈಯಲ್ಲಿರತಕ್ಕದ್ದು. ಇಲ್ಲವಾದರೆ ಇಂದಿನ ಹೊಸ ರಾಡಾರೇ ನಾಳೆ ಪರದೇಶದ ಒಂದು ತುಣುಕಿಗಾಗಿ ಕಾದು ಕೂಡುವುದು. ಹೊಸದು ಪರೀಕ್ಷೆಯಲ್ಲಿ ತೇರ್ಗಡೆಯಾಗುವವರೆಗೆ ಹಳೆಯದನ್ನು ಕಳಚಲೂ ಬಾರದು. ೨೦೧೭ರಲ್ಲಿ ಕೊಟ್ಟೂರಿನ ತೇರು ಉರುಳಿದುದನ್ನು ಕಂಡ ಸೀಮೆಗೆ, ಹಳೆಯ ಅಚ್ಚು-ಗಾಲಿಗಳನ್ನು ಸಕಾಲದಲ್ಲಿ ನೋಡಿಕೊಳ್ಳುವುದರ ಬೆಲೆಯನ್ನು ನಾವು ಹೇಳಬೇಕಾಗಿಲ್ಲ.

ಇನ್ನೊಂದು ಮಾತು. ಯಂತ್ರವನ್ನು ಕೊಳ್ಳಲು ಹಣ ಸಾಕು. ಅದನ್ನು ಕಾಪಾಡಿಕೊಂಡು ಹೋಗಲು ನುರಿತ ಕೈಗಳು ಬೇಕು. ನಮ್ಮ ಐದು ತಾಲೂಕುಗಳಿಂದ ಡಿಪ್ಲೊಮಾ, ಐಟಿಐ ಮುಗಿಸಿ ಉದ್ಯೋಗಕ್ಕಾಗಿ ಬೆಂಗಳೂರಿನ ಬಸ್ಸು ಹತ್ತುವ ತರುಣರಿಗೆ ಈ ಸೂಕ್ಷ್ಮವಿದ್ಯೆಯನ್ನು ಕಲಿಸುವ ಏರ್ಪಾಟು ಕರಾರಿನ ಜೊತೆಜೊತೆಗೇ ಆಗಲಿ. ಕೋಟಿಗಟ್ಟಲೆ ಹಣ ಸುರಿದು ತಂದ ಕಣ್ಣಿಗೆ ಮತ್ತೆ ಪೊರೆ ಬಂದಾಗ ಅದನ್ನು ತೆಗೆಯುವ ವೈದ್ಯನು ನಮ್ಮ ಮನೆಯವನೇ ಆಗಿರಲಿ.