ಗರ್ಭದಲ್ಲೇ ಮದ್ಯ ತಾಗಿದ ಮಗು: ಊಟದಿಂದ ಎಷ್ಟು ನೆರವು?

“ಮದ್ಯದ ಮಾತು ನಮ್ಮ ಮನೆಗೆ ಬೇಡ” ಎಂದು ಪುಟ ತಿರುವಬೇಡಿ. ಹರಾಮ್ ಎಂಬ ನಾಚಿಕೆಯಿಂದಲೇ, ಕುಡಿತದ ಚಟವಿದ್ದ ಹೆಣ್ಣುಮಗಳು ವೈದ್ಯರ ಮುಂದೆ ಬಾಯಿ ಬಿಡುವುದಿಲ್ಲ. ಬಸುರಿ ಎಂದು ತಿಳಿಯುವ ಮೊದಲೇ ಕೆಲವು ವಾರ ಕಳೆದಿರುತ್ತವೆ. ಆಕೆ ಮುಚ್ಚಿಟ್ಟರೆ ನಷ್ಟ ಮಗುವಿಗೆ. ಕೆಲವು ಟಾನಿಕ್, ಅರಿಷ್ಟಗಳಲ್ಲೂ ಆಲ್ಕೋಹಾಲ್ ಇರುತ್ತದೆ. ಬಸುರಿಯರು ಲೇಬಲ್ ನೋಡದೆ ಕುಡಿಯಬಾರದು.

ತಾಯಿಯ ರಕ್ತದಲ್ಲಿರುವ ಆಲ್ಕೋಹಾಲ್ ಮಾಸು ದಾಟಿ ಮಗುವನ್ನು ಸೇರುತ್ತದೆ. ಅದನ್ನು ಕರಗಿಸುವಷ್ಟು ಮಗುವಿನ ಲಿವರ್ ಬೆಳೆದಿರುವುದಿಲ್ಲ. ಕಡಿಮೆ ತೂಕ, ಮರೆವು, ಚಂಚಲತೆ, ಲೆಕ್ಕ ತಲೆಗೆ ಹತ್ತದಿರುವುದು ಇದರ ಫಲ. ಮುಖದಲ್ಲಿ ಗುರುತು ಕಾಣುವುದು ಕೆಲವರಲ್ಲಿ ಮಾತ್ರ. ಹೀಗಾಗಿ ಎಷ್ಟೋ ಮಕ್ಕಳು ಶಾಲೆಯಲ್ಲಿ “ದಡ್ಡ” ಎನಿಸಿಕೊಂಡು ಏಟು ತಿನ್ನುತ್ತಾರೆ.

ಕುಡಿತ ದೇಹದ ಫೋಲಿಕ್ ಆಮ್ಲ, ಸತು, ಕೋಲೀನ್‌ಗಳ ಮೇಲೆ ಹೊಡೆತ ಕೊಡುತ್ತದೆ. ಇವುಗಳಲ್ಲಿ ಹೆಚ್ಚು ಪರೀಕ್ಷೆಗೊಳಗಾದದ್ದು ಕೋಲೀನ್. ಅಮೆರಿಕದ ಮಿನ್ನೆಸೋಟಾದಲ್ಲಿ ಇಂಥ ಎರಡೂವರೆಯಿಂದ 5 ವರ್ಷದ ಮಕ್ಕಳಿಗೆ ದಿನಕ್ಕೆ 500 ಮಿಲಿಗ್ರಾಂನಂತೆ 9 ತಿಂಗಳು ಕೊಟ್ಟಾಗ, ಅವರಲ್ಲೂ ಚಿಕ್ಕವರಿಗೆ ನೆನಪಿನ ಶಕ್ತಿಯಲ್ಲಿ ಸ್ವಲ್ಪ ಲಾಭ ಕಂಡಿತು. ಕೇಪ್‌ಟೌನ್‌ನಲ್ಲಿ ಕುಡಿಯುತ್ತಿದ್ದ ಬಸುರಿಯರಿಗೆ ದಿನಕ್ಕೆ 2 ಗ್ರಾಂ ಕೊಟ್ಟಾಗ ಕೂಸುಗಳ ಬೆಳವಣಿಗೆ ಮತ್ತು ಕಲಿಕೆ ಸುಧಾರಿಸಿತು. ಎರಡೂ ಸಣ್ಣ ಪ್ರಯೋಗಗಳು, ವೈದ್ಯರ ಕಣ್ಗಾವಲಿನಲ್ಲಿ ನಡೆದವು. ನೀವೇ ಅಂಗಡಿಯಿಂದ ತಂದು ಕೊಡಬೇಡಿ. ಆದ ಹಾನಿಯನ್ನು ಪೂರ್ತಿ ಅಳಿಸುವ ಆಹಾರ ಯಾವುದೂ ಇಲ್ಲ.

ಬಸುರಿಗೆ ದಿನಕ್ಕೆ ಬೇಕಾದ ಕೋಲೀನ್ ಸುಮಾರು 450 ಮಿಲಿಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 140 ಸಿಗುತ್ತದೆ, ಅದೂ ಹಳದಿಯಲ್ಲಿ, ಹಳದಿ ಎಸೆಯಬೇಡಿ. ಕಲೀಜಿಯಲ್ಲೂ ಹೇರಳವಾಗಿದೆ, ಆದರೆ ಅದರಲ್ಲಿ ವಿಟಮಿನ್ ಎ ಅತಿಯಾಗಿರುವುದರಿಂದ ಬಸುರಿಯರು ತಿನ್ನದಿರುವುದೇ ಲೇಸು. ಉಳಿದದ್ದು ನಮ್ಮ ತಾಟಿನಲ್ಲೇ ಇದೆ: ಜೋಳದ ರೊಟ್ಟಿ, ಕಾಳು ಪಲ್ಯ, ಮೆಂತೆ, ಶೇಂಗಾ ಹಿಂಡಿ, ಮೊಸರು. ಪಲ್ಯಕ್ಕೆ ನಿಂಬೆ ಹಿಂಡಿದರೆ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟದ ಬೆನ್ನಿಗೇ ಚಹಾ ಬೇಡ. ತಿಕೋಟಾ, ಬಬಲೇಶ್ವರದವರು ರಕ್ತಕ್ಕೆಂದು ಒಣದ್ರಾಕ್ಷಿ ನೆನೆಸಿ ತಿನ್ನುತ್ತಾರೆ. ತಿನ್ನಲಿ, ಆದರೆ ಅದು ಕಬ್ಬಿಣದ ಗುಳಿಗೆಯ ಬದಲಿಯಲ್ಲ. ಅಂಗನವಾಡಿಯಲ್ಲಿ 2017ರಿಂದ ಮಾತೃಪೂರ್ಣ ಯೋಜನೆಯ ಬಿಸಿಯೂಟ, ಹಾಲು, ಮೊಟ್ಟೆ ಇವೆ. ಸೊಸೆಯನ್ನು ಅಲ್ಲಿಗೆ ಕಳಿಸಲು ಮರ್ಯಾದೆಯ ಪ್ರಶ್ನೆ ತರಬೇಡಿ.

“ಖಮೀರಾ ಕೊಟ್ಟರೆ ಬುದ್ಧಿ ಚುರುಕಾಗುತ್ತದೆಯೇ ಹಕೀಮ್ ಸಾಹೇಬ್?” ಎಂದು ಕೇಳುವವರಿದ್ದಾರೆ. ಯುನಾನಿ ಓದಿದವನಾಗಿಯೇ ಹೇಳುತ್ತೇನೆ, ಈ ತೊಂದರೆಗೆ ಅದು ಮದ್ದಲ್ಲ. ಕುಷ್ತಾಗಳನ್ನಂತೂ ಬಸುರಿಗೂ ಮಗುವಿಗೂ ಕೊಡಲೇಬೇಡಿ.

ದಿನಾಲೂ ಕುಡಿಯುತ್ತಿದ್ದವಳು ಒಮ್ಮೆಲೇ ಬಿಟ್ಟರೆ ನಡುಕ, ಫಿಟ್ಸ್ ಬರಬಹುದು. ಆಸ್ಪತ್ರೆಯ ನೆರವಿನಲ್ಲಿ ಬಿಡಿಸಿ. ಯಾವ ತಿಂಗಳಲ್ಲಿ ಬಿಟ್ಟರೂ ಮಗುವಿಗೆ ಲಾಭವೇ. ನಡೆ, ಮಾತು ತಡವಾದ ಮಗುವನ್ನು ಅಂಗನವಾಡಿ, ಶಾಲೆಗೆ ಬರುವ ಸರ್ಕಾರಿ ಆರೋಗ್ಯ ತಂಡಕ್ಕೆ ತೋರಿಸಿ. ಇಲ್ಲವೇ ವಿಜಯಪುರದ ಜಿಲ್ಲಾಸ್ಪತ್ರೆಗೆ ಅಥವಾ ಅಥಣಿ ರಸ್ತೆಯ ಅಲ್-ಅಮೀನ್ ಮೆಡಿಕಲ್ ಕಾಲೇಜಿನ ಮಕ್ಕಳ ವಿಭಾಗಕ್ಕೆ ಕರೆದೊಯ್ಯಿರಿ. ಬಸುರಿನಲ್ಲಿ ಏನಾಗಿತ್ತೆಂಬುದನ್ನು ಅತ್ತೆಯ ಎದುರು ಹೇಳಲಾಗದಿದ್ದರೆ, ತಾಯಿ ವೈದ್ಯರೊಬ್ಬರಿಗೇ ಹೇಳಲಿ.